ಬಲೆಗೆ ಮೊಳೆ ಬೇಕೇ?

ನಮ್ಮ ಊರುಗಳಲ್ಲಿ ಹರ್ನಿಯಾ ಮುಚ್ಚಿಟ್ಟುಕೊಳ್ಳುವ ಕಾಯಿಲೆ. ತೊಡೆಸಂದಿಯಲ್ಲಿ ಗಡ್ಡೆಯಂತೆ ಇಳಿದು ಬರುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಅಡಿಕೆಗೆ ಮದ್ದು ಬಿಟ್ಟಾಗಲಿ, ಕೊಯ್ಲು ಮುಗಿಯಲಿ ಎಂದು ವರ್ಷಗಟ್ಟಲೆ ಮುಂದೂಡುತ್ತೇವೆ. ಕೊನೆಗೆ ಮಂಗಳೂರಿಗೋ ಪರಿಯಾರಕ್ಕೋ ಹೋದಾಗ ವೈದ್ಯರಲ್ಲಿ ಕೇಳುವುದು ಎರಡೇ ಮಾತು: ಖರ್ಚೆಷ್ಟು, ಬಲೆಯನ್ನು ಗಟ್ಟಿಯಾಗಿ ಕೂರಿಸುತ್ತೀರಲ್ಲ? ಗಟ್ಟಿ ಎಂದರೆ ಮೊಳೆ ಹೊಡೆಯುವುದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಬಿಡಬೇಕಾದ ನಂಬಿಕೆ ಎಂಬುದು ನಮ್ಮ ಅಭಿಪ್ರಾಯ.

ಹಿಂದೆ ಸಡಿಲವಾದ ಜಾಗದ ಮಾಂಸಖಂಡವನ್ನು ಎಳೆದು ಹೊಲಿಯುತ್ತಿದ್ದರು. ಇಟಲಿಯ ಬಸ್ಸಿನಿ ಎಂಬ ವೈದ್ಯರು 1880ರ ದಶಕದಲ್ಲಿ ತೋರಿಸಿಕೊಟ್ಟ ಆ ದಾರಿ ನೂರು ವರ್ಷ ನಡೆಯಿತು. 1980ರ ದಶಕದಲ್ಲಿ ಅಮೆರಿಕದ ಲಿಕ್ಟೆನ್‌ಸ್ಟೈನ್, ಎಳೆಯುವುದನ್ನೇ ಬಿಟ್ಟು ಪಾಲಿಪ್ರೊಪಿಲೀನ್ ಬಲೆಯ ತೇಪೆ ಹಾಕುವ ಕ್ರಮವನ್ನು ಬಳಕೆಗೆ ತಂದರು. ನಮ್ಮ ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನ ಜಾತಿಯದೇ ಅದು! 1990ರ ದಶಕದ ಆರಂಭದಲ್ಲಿ ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ, ಬಲೆಯನ್ನು ಒಳಗಿನಿಂದ ಹಾಸುವ ಕೀಹೋಲ್ ಕ್ರಮ ಬಂತು. ಗಾಯ ಸಣ್ಣದು, ನೋವು ಕಡಿಮೆ, ಬೇಗ ತೋಟಕ್ಕೆ ಇಳಿಯಬಹುದು.

ಹಾಸಿದ ಬಲೆ ಜಾರೀತು ಎಂಬ ಹೆದರಿಕೆಯಿಂದ ಟ್ಯಾಕರ್ ಎಂಬ ಸಾಧನದಲ್ಲಿ ಸುರುಳಿ ಮೊಳೆಗಳನ್ನು ಹೊಡೆಯುವ ರೂಢಿ ಬೆಳೆಯಿತು. ಟೈಟೇನಿಯಂ ಮೊಳೆ ಶರೀರದಲ್ಲೇ ಉಳಿಯುತ್ತದೆ, ಇನ್ನೊಂದು ಬಗೆ ನಿಧಾನವಾಗಿ ಕರಗುತ್ತದೆ. ಕೆಲವರು ಅಂಟು ಹಾಕುತ್ತಾರೆ, ಕೆಲವರು ಏನನ್ನೂ ಹಾಕುವುದಿಲ್ಲ.

ಏನೂ ಹಾಕದಿದ್ದರೆ ನಿಲ್ಲುವುದು ಹೇಗೆ? ಮಂಜೇಶ್ವರ, ಕುಂಬಳೆ ಕಡೆಯ ಗುಡ್ಡದ ತೋಟಗಳಲ್ಲಿ ಶೀಟು ಹಾಸಿದ ನೀರಿನ ಹೊಂಡಗಳನ್ನು ನಾವೆಲ್ಲ ನೋಡಿದ್ದೇವೆ. ಹೊಂಡದೊಳಗಿನ ಶೀಟಿಗೆ ಯಾರೂ ಮೊಳೆ ಹೊಡೆಯುವುದಿಲ್ಲ, ನೀರಿನ ಒತ್ತಡವೇ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಬಲೆಯದೂ ಹಾಗೆಯೇ. ಹೊಟ್ಟೆಯ ಗೋಡೆಗೂ ಒಳಪೊರೆಗೂ ನಡುವೆ ಅದು ಕೂರುತ್ತದೆ. ನಾವು ಭಾರ ಎತ್ತಿದಾಗ, ಕೆಮ್ಮಿದಾಗ ಒಳಗಿನ ಒತ್ತಡ ಅದನ್ನು ಗೋಡೆಗೇ ಒತ್ತುತ್ತದೆ. ದಿನ ಕಳೆದಂತೆ ಬಲೆಯ ಕಣ್ಣುಗಳೊಳಗೆ ಮಾಂಸ ಬೆಳೆದು ಹಿಡಿದುಕೊಳ್ಳುತ್ತದೆ. ಆದರೆ ಶೀಟು ಗಿಡ್ಡವಾದರೆ ಅಥವಾ ಮಡಚಿಕೊಂಡರೆ ಹೊಂಡ ಸೋರುವುದು ಖಂಡಿತ. ಬಲೆ ಕನಿಷ್ಠ 10 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದ ಇರಬೇಕು, ಸುಕ್ಕಿಲ್ಲದೆ ಹರಡಿರಬೇಕು. ಅದು ವೈದ್ಯರ ಕೈಚಳಕದ ಮಾತು. ಮೊಳೆಯ ಲೆಕ್ಕದಿಂದ ಬರುವುದಲ್ಲ.

2018ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಒಳಪೊರೆಯನ್ನು ತೆರೆಯದೆ ಮಾಡುವ ಟಿಇಪಿ ಎಂಬ ಕ್ರಮದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಬಲೆಯನ್ನು ಬಂಧಿಸುವ ಅಗತ್ಯವಿಲ್ಲ. ಹೊಟ್ಟೆಯ ನಡುಭಾಗದ ಕಡೆಗೆ 3 ಸೆಂಟಿಮೀಟರಿಗಿಂತ ದೊಡ್ಡ ಬಾಯಿ ಬಿಟ್ಟಿದ್ದರೆ ಮಾತ್ರ, ಯಾವ ಕೀಹೋಲ್ ಕ್ರಮವಾದರೂ, ಬಂಧಿಸುವುದು ಒಳ್ಳೆಯದು. ಇಲ್ಲವಾದರೆ ಹರ್ನಿಯಾ ಮರುಕಳಿಸುವ ಸಂಭವ ಹೆಚ್ಚು.

ಅನಗತ್ಯವಾಗಿ ಹೊಡೆದರೇನು ನಷ್ಟ ಎನ್ನುವವರಿದ್ದಾರೆ. ತೊಡೆಸಂದಿಯ ಒಳಗೋಡೆಯಲ್ಲಿ ತೊಡೆಗೆ ಹೋಗುವ ನರಗಳಿವೆ. ಅವಿರುವ ಜಾಗಕ್ಕೆ ವೈದ್ಯರೇ 'ನೋವಿನ ತ್ರಿಕೋನ' ಎಂದು ಹೆಸರಿಟ್ಟಿದ್ದಾರೆ. ಮೊಳೆ ಅಲ್ಲಿ ನರಕ್ಕೆ ತಾಗಿದರೆ ಉರಿ, ಜೋಮು, ಸೂಜಿ ಚುಚ್ಚಿದಂತಹ ನೋವು ಬಹುಕಾಲ ಕಾಡಬಹುದು. ಎಲ್ಲ ಬಗೆಯ ಹರ್ನಿಯಾ ಆಪರೇಶನ್ ಸೇರಿ ನೂರರಲ್ಲಿ 10ರಿಂದ 12 ಮಂದಿಗೆ ತಿಂಗಳುಗಟ್ಟಲೆ ನೋವು ಉಳಿಯುತ್ತದೆ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಇದಕ್ಕೆಲ್ಲ ಮೊಳೆಯೇ ಕಾರಣವೆಂದು ಹೇಳಲಾಗದು. ಆದರೂ ತೊಡೆಯಿಂದ ಮರವನ್ನು ಅಪ್ಪಿ ಹತ್ತುವವನಿಗೆ ತೊಡೆಯ ನೋವೆಂದರೆ ಕಸುಬೇ ಹೋದಂತೆ. ಬೇಡದ ಒಂದು ಅಪಾಯವನ್ನು, ಅದೂ ಬಿಲ್ಲಿನಲ್ಲಿ ದುಡ್ಡು ತೆತ್ತು, ಏಕೆ ತಂದುಕೊಳ್ಳಬೇಕು?

ದುಬಾರಿಯೇ ಉತ್ತಮ ಎನ್ನುವವರಿಗೆ ಇನ್ನೊಂದು ಮಾತು. ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಊರಿನ ಡಾ. ತೊಂಗಾಂವ್‌ಕರ್ ಮತ್ತು ಸಂಗಡಿಗರು ಶುದ್ಧೀಕರಿಸಿದ ಸೊಳ್ಳೆಪರದೆಯ ಬಟ್ಟೆಯನ್ನೇ ಬಲೆಯಾಗಿ ಬಳಸಿ 2003ರಲ್ಲಿ ವರದಿ ಪ್ರಕಟಿಸಿದರು. 2016ರಲ್ಲಿ ಉಗಾಂಡದ ಅಧ್ಯಯನವೊಂದು ಅಂತಹ ಬಲೆ ಕಂಪೆನಿಯ ಬಲೆಗೆ ಸರಿಸಮವೆಂದು ಕಂಡಿತು.

ವೈದ್ಯರಿಗೆ ಪಾಠ ಹೇಳಬೇಕೆಂದು ನಾವು ಬರೆಯುತ್ತಿಲ್ಲ. ಬಾಯಿ ಎಷ್ಟು ದೊಡ್ಡದು, ಬಲೆಯನ್ನು ಯಾವುದರಿಂದ, ಏಕೆ ಬಂಧಿಸುತ್ತೀರಿ ಎಂದು ಆಪರೇಶನ್ನಿಗೆ ಮೊದಲೇ ಕೇಳಬೇಕು. ಕಾರಣ ಹೇಳಿ ಮೊಳೆ ಬೇಕೆಂದರೆ ಒಪ್ಪಿಕೊಳ್ಳೋಣ. ಬೇಡವೆಂದರೆ 'ಪರವಾಗಿಲ್ಲ, ನಾಲ್ಕು ಹೊಡೆದುಬಿಡಿ ಡಾಕ್ಟ್ರೇ' ಎಂದು ಒತ್ತಾಯಿಸುವುದು ಬೇಡ. ಹೃದಯ, ಶ್ವಾಸಕೋಶ ದುರ್ಬಲವಾಗಿರುವ ಹಿರಿಯರಿಗೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವ ತೆರೆದ ಆಪರೇಶನ್ನೇ ಮೇಲಾಗಬಹುದು. ಅದು ಕೀಳು ದರ್ಜೆಯದಲ್ಲ. ಗಡ್ಡೆ ಗಟ್ಟಿಯಾಗಿ ಒಳಗೆ ಹೋಗದೆ ನೋವು, ವಾಂತಿ ಬಂದರೆ ಮಾತ್ರ ಯಾವ ಪ್ರಶ್ನೆಗೂ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಬಲೆ ಜಾರೀತೆಂದು ಮೂರು ತಿಂಗಳು ಮಂಚದಲ್ಲಿ ಕೂರಿಸುವ ಪದ್ಧತಿ ನಮ್ಮ ಮನೆಗಳಲ್ಲಿದೆ. ತೊಡಕಿಲ್ಲದೆ ಮುಗಿದ ಆಪರೇಶನ್ನಿನ ಅನಂತರ ಅಂತಹ ನಿರ್ಬಂಧ ಬೇಕಿಲ್ಲ, ಮೈಗೆ ಹಿತವೆನಿಸಿದಂತೆ ದಿನದ ಕೆಲಸಕ್ಕೆ ಮರಳಬಹುದು. ಮರ ಹತ್ತುವ ದಿನವನ್ನು ಮಾತ್ರ ಆಪರೇಶನ್ ಮಾಡಿದ ವೈದ್ಯರಲ್ಲೇ ಕೇಳಿ ಗೊತ್ತುಮಾಡಿಕೊಳ್ಳಿ.