ಜೇನುಪೆಟ್ಟಿಗೆಯೂ ನೆರೆಯ ಬೇಲಿಯೂ

ವಿದುರಾಶ್ವತ್ಥದ ಉತ್ತರ ಪಿನಾಕಿನಿಯ ದಂಡೆಯಿಂದ ಚಿಂತಾಮಣಿಯ ಮಾವಿನ ತೋಪುಗಳವರೆಗೆ ಹರಡಿರುವ ನಮ್ಮ ಸೀಮೆಯಲ್ಲಿ ಹಿಡುವಳಿಗಳು ಕಿರಿದು, ಬದುಗಳು ಒತ್ತಿನವು, ಊರಿಗಂಟಿದ ಹಿತ್ತಿಲುಗಳಂತೂ ಒಂದರ ನೆರಳು ಇನ್ನೊಂದರ ಮೇಲೆ ಬೀಳುವಷ್ಟು ಸಮೀಪದವು. ಆದುದರಿಂದ ಇಲ್ಲಿ ಒಬ್ಬನು ತನ್ನ ತೋಟದಲ್ಲಿ ಜೇನುಪೆಟ್ಟಿಗೆಯನ್ನಿಡುವುದು ಅವನೊಬ್ಬನ ಸ್ವಂತ ವ್ಯವಹಾರವೆಂದು ಹೇಳಲಾಗದು. ಪೆಟ್ಟಿಗೆ ಒಬ್ಬನದಾದರೂ, ಸುಮಾರು ಒಂದು ಕಿಲೋಮೀಟರು ದೂರದವರೆಗೆ ಮೇವನ್ನರಸಿ ಹೋಗುವ, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನುನೊಣಕ್ಕೆ ಯಾವ ಪಹಣಿಯ ಮೇರೆಯೂ ಇಲ್ಲ.

ನೆರೆಯವರ ಭೀತಿಗೆ ಬಹುಮಟ್ಟಿಗೆ ಕಾರಣವಾದುದು ಹೆಜ್ಜೇನು. ಎತ್ತರದ ಕೊಂಬೆಗಳಲ್ಲಿ, ಬಂಡೆಗಳ ಮರೆಯಲ್ಲಿ, ನೀರಿನ ಟ್ಯಾಂಕುಗಳ ಅಡಿಯಲ್ಲಿ ಬಯಲಿಗೇ ಒಂದೇ ಎರಿಯನ್ನು ಕಟ್ಟಿ, ಕೆಣಕಿದೊಡನೆ ಗುಂಪಾಗಿ ಬೆನ್ನಟ್ಟುವ ಆ ಜಾತಿ ಪೆಟ್ಟಿಗೆಗೆ ಒಗ್ಗುವುದಲ್ಲ. ಪೊಟರೆಗಳಲ್ಲಿಯೂ ಹುತ್ತಗಳಲ್ಲಿಯೂ ಕತ್ತಲೆಯನ್ನಾಶ್ರಯಿಸಿ ಹಲವು ಎರಿಗಳನ್ನು ಕಟ್ಟುವ ತುಡುವೆಯಾದರೋ ಸಹಜವಾಗಿ ಸಾಧುಸ್ವಭಾವದ್ದು. ಆದರೂ ಸಾಧುವೆಂದ ಮಾತ್ರಕ್ಕೆ ನಿರಪಾಯವೆನ್ನಲಾಗದು. ಒಂದು ನೊಣ ಕುಟುಕಿದಾಗ ಕೊಂಡಿಯೊಡನೆ ಹೊರಸೂಸುವ ಗಂಧ ಉಳಿದವುಗಳನ್ನು ಅಲ್ಲಿಗೇ ಕೆರಳಿಸಿ ಕರೆಯುತ್ತದೆ. ಕೆಲವರ ದೇಹಪ್ರಕೃತಿಗೆ ಒಂದೇ ಕುಟುಕು ಉಸಿರು ಕಟ್ಟುವಷ್ಟು ವಿಷಮವಾಗಬಹುದು. ಆ ಭಯವನ್ನು ಅಜ್ಞಾನವೆಂದು ಪರಿಹಾಸ್ಯ ಮಾಡುವುದು ಜೇನು ಸಾಕುವವನಿಗೆ ಶೋಭಿಸದು.

ಅವನ ಕರ್ತವ್ಯಗಳು ಸುಲಭವಾದವು, ಆದರೆ ನಿತ್ಯವಾದವು. ಪೆಟ್ಟಿಗೆಯ ಬಾಗಿಲು ನೆರೆಯ ಅಂಗಳಕ್ಕಾಗಲಿ, ಯಾತ್ರಿಕರು ಮಕ್ಕಳುಮರಿಗಳೊಡನೆ ದೇವಸ್ಥಾನಕ್ಕೆ ನಡೆಯುವ ದಾರಿಗಾಗಲಿ ಮುಖಮಾಡದಿರಬೇಕು. ಅದರ ಮುಂದೆ ಆಳೆತ್ತರದ ಬೇಲಿಯನ್ನೋ ದಟ್ಟವಾದ ಗಿಡಸಾಲನ್ನೋ ಬೆಳೆಸಿದರೆ, ನೊಣಗಳು ಅದನ್ನು ದಾಟಲು ಮೇಲೇರಿ ಜನರ ತಲೆಗಿಂತ ಎತ್ತರದಲ್ಲಿಯೇ ಹಾರಿಹೋಗುತ್ತವೆ. ಬೇಸಗೆಯಲ್ಲಿ ಗೂಡನ್ನು ತಂಪಾಗಿಡಲು ಅವುಗಳಿಗೆ ನೀರು ಅನಿವಾರ್ಯ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ, ಪೆಟ್ಟಿಗೆಯ ಬಳಿಯೇ ಕಲ್ಲುಚೂರುಗಳನ್ನು ಹಾಕಿದ ತಟ್ಟೆಯಲ್ಲಿ ನೀರಿಡದಿದ್ದರೆ ಅವು ನೆರೆಮನೆಯ ನಲ್ಲಿಗೂ ದನದ ತೊಟ್ಟಿಗೂ ಮುತ್ತುತ್ತವೆ, ಒಮ್ಮೆ ಹಿಡಿದ ಜಾಡನ್ನು ಬೇಗನೆ ಬಿಡವು. ಹೊಂಗೆ, ಬೇವುಗಳ ಹೂ ಮುಗಿದು ಮೇವು ಕ್ಷೀಣಿಸಿದ ದಿನಗಳಲ್ಲಿ ಪೆಟ್ಟಿಗೆ ತೆರೆಯುವುದನ್ನು ಮಿತಗೊಳಿಸಬೇಕು. ಜೇನು ತೆಗೆಯುವ ದಿನವನ್ನು ಪಕ್ಕದ ಮನೆಗೆ ಮುಂಚಿತವಾಗಿ ತಿಳಿಸಬೇಕು.

ಪ್ರತಿಯಾಗಿ ನೆರೆಯವನಿಗೂ ಕರ್ತವ್ಯವುಂಟು. ದ್ರಾಕ್ಷಿಗೂ ಹಿಪ್ಪುನೇರಳೆಗೂ ಜೇನಿನ ಹಂಗಿಲ್ಲವಾದುದರಿಂದ, ಅವುಗಳನ್ನೇ ಬೆಳೆಯುವವನಿಗೆ ನೊಣದ ಕೊಂಡಿಯೊಂದೇ ಕಾಣುವುದು ಸಹಜ. ಆದರೆ ಗಂಡುಹೂ ಹೆಣ್ಣುಹೂಗಳು ಬೇರೆಬೇರೆಯಾಗಿರುವ ಹೀರೆ, ಹಾಗಲಗಳು ಪರಾಗವನ್ನು ಹೊತ್ತು ತರುವ ಕೀಟಗಳಿಲ್ಲದೆ ಸರಿಯಾಗಿ ಕಾಯಿಕಟ್ಟಲಾರವು. ಹೂ ಅರಳಿದ ಹಗಲಿನಲ್ಲಿ ಕೀಟನಾಶಕವನ್ನು ಸಿಂಪಡಿಸಿದರೆ ಈ ಉಪಕಾರಿಗಳೂ ಸಾಯುತ್ತವೆ. ನೊಣಗಳು ಗೂಡು ಸೇರಿದ ಸಂಜೆಯಲ್ಲಿ ಸಿಂಪಡಿಸುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಇದು ನಮ್ಮ ಸೀಮೆಗೆ ಹೊಸ ಪಾಠವೂ ಅಲ್ಲ. ಪಕ್ಕದ ಹೊಲದ ಔಷಧಿ ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕುಳಿತರೆ ಹುಳು ಸಾಯುತ್ತದೆಂಬುದನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವ ರೈತನು ಬಲ್ಲನು. ರೇಷ್ಮೆಹುಳುವಿನ ಸಲುವಾಗಿ ನೆರೆಯವನಲ್ಲಿ ಆಡಬಹುದಾದ ಮಾತನ್ನು ಜೇನಿನ ಸಲುವಾಗಿಯೂ ಆಡಲಾಗದೆ?

ತನ್ನ ವಶದಲ್ಲಿರುವ ಪ್ರಾಣಿಯ ವಿಷಯದಲ್ಲಿ ಅಲಕ್ಷ್ಯ ತೋರಿ ಅನ್ಯರಿಗೆ ಅಪಾಯವೊಡ್ಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಅಪರಾಧವೆಂದೇ ಪರಿಗಣಿಸುತ್ತದೆ. ಆದರೆ ಕಲಮಿನ ಮೊರೆಹೋಗುವ ಹೊತ್ತಿಗೆ ನೆರೆತನವು ಕೆಟ್ಟಿರುತ್ತದೆ. ಆದುದರಿಂದ, ಸಹಾಯಧನದಲ್ಲಿ ಪೆಟ್ಟಿಗೆಗಳನ್ನು ಕೊಡುವ ತೋಟಗಾರಿಕೆ ಇಲಾಖೆಯು ಸ್ಥಳದ ಪರಿಶೀಲನೆಯನ್ನೂ ನೆರೆಯವರಿಗೆ ತಿಳಿಸುವುದನ್ನೂ ಆ ಸಹಾಯಧನದ ಷರತ್ತುಗಳಲ್ಲಿ ಸೇರಿಸಲಿ. ಗ್ರಾಮ ಪಂಚಾಯಿತಿಗಳು ಸಿಂಪಡಣೆಯ ವೇಳೆಯನ್ನು ಕುರಿತು ರೈತರಲ್ಲಿ ಒಂದು ಒಡಂಬಡಿಕೆಯನ್ನು ಏರ್ಪಡಿಸಲಿ. ಕುಟುಕಿನಿಂದ ಪ್ರಾಣಾಪಾಯವುಳ್ಳವರು ವಾಸಿಸುವ ಮನೆಯ ಮಗ್ಗುಲಲ್ಲಿ ಪೆಟ್ಟಿಗೆಯನ್ನು ಇಡತಕ್ಕದ್ದಲ್ಲ. ಈ ನಿಯಮಗಳು ನಡೆಯುವ ಉಳಿದೆಡೆಗಳಲ್ಲಿ ಅದನ್ನು ಬೇಡವೆನ್ನಲು ನೆರೆಯವನಿಗೆ ನ್ಯಾಯವಾದ ಕಾರಣವಿಲ್ಲ.