ಅಂಕವಿಲ್ಲದ ದಿನಚರಿ

ಇಂಟರ್ನ್‌ಶಿಪ್ ಮುಗಿಸಿ ಬರುವ ನಮ್ಮ ಪ್ರಶಿಕ್ಷಣಾರ್ಥಿಗಳು ಒಪ್ಪಿಸುವ ರೆಕಾರ್ಡುಗಳ ಕಟ್ಟಿನಲ್ಲಿ ಪ್ರತಿಫಲನಾತ್ಮಕ ದಿನಚರಿಯೂ ಒಂದು. ಹೊದಿಕೆ ಅಂದವಾಗಿರುತ್ತದೆ, ದಿನಾಂಕ ತಪ್ಪಿರುವುದಿಲ್ಲ, ಪ್ರತಿ ಪುಟದ ಕೆಳಗೂ ಮಾರ್ಗದರ್ಶಕ ಶಿಕ್ಷಕರ ಸಹಿ ಇರುತ್ತದೆ. ಒಳಗೆ ಓದಿದರೆ ಮೂರು ವಾಕ್ಯ ಸಿಗುತ್ತವೆ: ಇಂದು ಇಂಥ ಪಾಠ ಮಾಡಿದೆನು, ವಿದ್ಯಾರ್ಥಿಗಳು ಉತ್ಸಾಹದಿಂದ ಭಾಗವಹಿಸಿದರು, ಪಾಠವು ಪರಿಣಾಮಕಾರಿಯಾಗಿತ್ತು. ಒಂದು ದಿನಚರಿಯ ಹಾಳೆಯನ್ನು ಇನ್ನೊಂದಕ್ಕೆ ಅಂಟಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕೆ ಪ್ರಶಿಕ್ಷಣಾರ್ಥಿಗಳ ಸೋಮಾರಿತನ ಕಾರಣವಲ್ಲ ಎಂಬುದು ನನ್ನ ಅಭಿಪ್ರಾಯ. ದಿನಚರಿಗೆ ನಾವು ಅಂಕ ಕೊಡುತ್ತೇವೆ. ಅಂಕ ಕೊಡುವವರೇ ಅದರ ಮೊದಲ ಓದುಗರು. ಓದುಗರು ಮೆಚ್ಚುವುದನ್ನು ಅವರು ಬರೆಯುತ್ತಾರೆ.

ಈ ಮಾತನ್ನು ಹೇಳಲು ನನಗಿರುವ ಅರ್ಹತೆ ಒಂದೇ. 2003ರಿಂದ ಇಂದಿನವರೆಗೆ ನಾನು ಒಂದು ಖಾಸಗಿ ದಿನಚರಿ ಇಟ್ಟುಕೊಂಡು ಬಂದಿದ್ದೇನೆ. ಮೊದಲ ಕೆಲವು ವರ್ಷ ಪಾವಗಡ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ, ಆಮೇಲೆ ಶಿಕ್ಷಕ ಶಿಕ್ಷಣಕ್ಕೆ ಬಂದೆ. ಇನ್ನೂರು ಪುಟದ ಸಾಮಾನ್ಯ ನೋಟ್‌ಬುಕ್, ದಿನಕ್ಕೆ ಐದಾರು ಸಾಲು. ಬೋಧನಾ ವಿಧಾನ, ಉದ್ದೇಶ, ಮೌಲ್ಯಮಾಪನ ಎಂಬ ತಲೆಬರಹಗಳು ಅದರಲ್ಲಿಲ್ಲ. ಬೆಳಗಿನ ಬಸ್ಸು ಎಷ್ಟು ಹೊತ್ತು ತಡವಾಯಿತು, ನಲ್ಲಿಗೆ ಎಷ್ಟು ದಿನದ ಮೇಲೆ ನೀರು ಬಂತು, ಬಿಸಿಯೂಟದ ಸಾಂಬಾರಿಗೆ ಅಂದು ಏನು ತರಕಾರಿ, ಯಾವ ಹುಡುಗಿ ಏನು ಕೇಳಿದಳು, ಅಮ್ಮನ ಮಂಡಿನೋವು ಹೇಗಿದೆ, ಎಲ್ಲ ಒಂದೇ ಪುಟದಲ್ಲಿ. ಶಾಲೆಯ ಬದುಕನ್ನು ಮನೆಯ ಬದುಕಿನಿಂದ ಬೇರೆ ಮಾಡಿ ಬರೆಯಲು ನನಗೆ ಎಂದೂ ಆಗಲಿಲ್ಲ. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಎಚ್ಚರವಿದ್ದು ಬಂದ ಶಿಕ್ಷಕಿಯ ಮೊದಲ ಪೀರಿಯಡ್ ಬೇರೆಯೇ ಆಗಿರುತ್ತದೆ. ಪಾಠಯೋಜನೆಯಲ್ಲಿ ಅದನ್ನು ಬರೆಯಲು ಕಾಲಂ ಇಲ್ಲ.

ಇಂಥ ಬರವಣಿಗೆಯ ಪ್ರಯೋಜನ ಬರೆದ ದಿನವೇ ಕಾಣುವುದಿಲ್ಲ, ಮತ್ತೆ ಓದಿದಾಗ ಕಾಣುತ್ತದೆ. ಕೆಲವು ಉದಾಹರಣೆ ಕೊಡುತ್ತೇನೆ.

ಆ ಶಾಲೆಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಹಾಜರಿ ಇಳಿಯುತ್ತಿತ್ತು. ಹಾಜರಿ ಪುಸ್ತಕದಲ್ಲಿ ಅದು ಗೈರಿನ ಗುರುತು ಮಾತ್ರ. ನನ್ನ ದಿನಚರಿಯಲ್ಲಿ ಅಲ್ಲೊಂದು ಇಲ್ಲೊಂದು ಸಾಲು ಬೇರೆ ಕಥೆ ಹೇಳುತ್ತಿತ್ತು: ಇಂಥವಳು ಕಡಲೆಕಾಯಿ ಬಿಡಿಸುವ ಕೂಲಿಗೆ ಹೋಗಿದ್ದಾಳೆ, ಇನ್ನೊಬ್ಬಳು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದಿದ್ದಾಳೆ, ಇವನ ಉಗುರಿನಲ್ಲಿ ಕೆಂಪು ಮಣ್ಣು ಇನ್ನೂ ಹೋಗಿಲ್ಲ. ಮೂರು ವರ್ಷದ ನೋಟ್‌ಬುಕ್‌ಗಳನ್ನು ಒಟ್ಟಿಗಿಟ್ಟು ಓದಿದಾಗ ಆ ವಾರಗಳು ಪ್ರತಿ ವರ್ಷವೂ ಹೆಚ್ಚುಕಡಿಮೆ ಅಲ್ಲಲ್ಲೇ ಬೀಳುತ್ತಿದ್ದವು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮಕ್ಕಳು ಖಾಲಿ ಬಿಟ್ಟುಬರುತ್ತಿದ್ದ ಪ್ರಶ್ನೆಗಳು ಆ ವಾರಗಳಲ್ಲಿ ನಡೆದ ಪಾಠಗಳವೇ. ಮುಂದಿನ ವರ್ಷ ಆ ವಾರಗಳಿಗೆ ಹೊಸ ಪಾಠ ಇಡಲಿಲ್ಲ, ಹಳೆಯದರ ಪುನರಾವರ್ತನೆಗೆ ಇಟ್ಟೆ. ಯಾವ ತರಬೇತಿಯೂ ನನಗೆ ಇದನ್ನು ಹೇಳುತ್ತಿರಲಿಲ್ಲ. ಹೇಳಲು ಬರುವುದೂ ಇಲ್ಲ, ಏಕೆಂದರೆ ಅದು ಆ ಊರಿಗೆ, ಆ ಬೆಳೆಗೆ ಮಾತ್ರ ಸೇರಿದ ತಿಳಿವಳಿಕೆ.

2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿತು. ಯೋಜನೆಯ ವರದಿಗಳಲ್ಲಿ ಎಷ್ಟು ಸೈಕಲ್ ಹಂಚಲಾಯಿತು ಎಂಬ ಲೆಕ್ಕ ಇರುತ್ತದೆ. ಸೈಕಲ್ ಬಂದ ಮೇಲೆ ದೂರದ ಹಟ್ಟಿಯ ಹೆಣ್ಣುಮಕ್ಕಳು ಪ್ರಾರ್ಥನೆಗೆ ಮೊದಲೇ ಬಂದು ಬೇವಿನ ಮರದ ಕೆಳಗೆ ಓದಿಕೊಳ್ಳುತ್ತಿದ್ದರು ಎಂಬುದು ನನ್ನ ದಿನಚರಿಯಲ್ಲಿದೆ. ಮತ್ತೆ ಒಬ್ಬಳು ತಡವಾಗಿ ಬಂದಾಗ ಕೊಟ್ಟ ಉತ್ತರವೂ ಇದೆ: "ನಮ್ಮಪ್ಪ ಹೊಲಕ್ಕೆ ಸೈಕಲ್ ತಗಂಡು ಹೋಗೈತೆ ಮಿಸ್." ಒಂದು ಯೋಜನೆ ಒಂದು ಮನೆಯೊಳಗೆ ಹೋದ ಮೇಲೆ ಏನಾಗುತ್ತದೆ ಎಂಬುದನ್ನು ಇಷ್ಟು ಚಿಕ್ಕದಾಗಿ, ಇಷ್ಟು ನಿಖರವಾಗಿ ನಾನು ಬೇರೆಲ್ಲೂ ಓದಿಲ್ಲ.

ಮೂರನೆಯದು ಭಾಷೆಯ ವಿಷಯ. ಪಾವಗಡವನ್ನು ಬಹುಪಾಲು ಎಲ್ಲ ಕಡೆಯಿಂದಲೂ ಆಂಧ್ರ ಸುತ್ತುವರಿದಿದೆ. ನನ್ನ ತರಗತಿಯ ಅನೇಕ ಮಕ್ಕಳ ಮನೆಮಾತು ತೆಲುಗು. ವಚನಗಳ ಪಾಠ ನಡೆಯುವಾಗ ಒಬ್ಬ ಹುಡುಗ ಎದ್ದು, ಬಸವಣ್ಣ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಿದ್ದರು ಎಂದು ಕೇಳಿದ. ಅಂದು ರಾತ್ರಿ ಪ್ರಶ್ನೆಯನ್ನು ಅವನ ಮಾತಿನಲ್ಲೇ ಬರೆದಿಟ್ಟೆ. ಬಹಳ ದಿನದ ಮೇಲೆ ಓದಿದಾಗ ಹೊಳೆದದ್ದು, ಅವನು ಬಸವಣ್ಣನ ಬಗ್ಗೆ ಕೇಳುವುದರ ಜೊತೆಗೆ ತನ್ನ ಬಗ್ಗೆಯೂ ಕೇಳುತ್ತಿದ್ದ ಎಂದು. ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು ಭಾಷೆ ಇರುವ ಮಗುವಿಗೆ ಮಾತ್ರ ಹುಟ್ಟುವ ಪ್ರಶ್ನೆ ಅದು. "ವಿದ್ಯಾರ್ಥಿಗಳು ಪ್ರಶ್ನೆಗಳನ್ನು ಕೇಳಿದರು" ಎಂದು ಬರೆದಿದ್ದರೆ ಆ ಹುಡುಗ ನನ್ನ ಪುಟದಲ್ಲಿ ಉಳಿಯುತ್ತಿರಲಿಲ್ಲ.

ಈಗ ಅದೇ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ನಿಂತಿವೆ. ರೈತರು ಗುತ್ತಿಗೆಗೆ ಕೊಟ್ಟ ಹೊಲಗಳವು. ಬೆಳೆ ಇಲ್ಲದ ಕಡೆ ಬೆಳೆಯ ಕಾಲವೂ ಇಲ್ಲ. ಅಲ್ಲಿ ಇನ್ನು ಮುಂದೆ ಕೆಲಸಕ್ಕೆ ಹೋಗುವ ಶಿಕ್ಷಕರು ತಮ್ಮ ಕಾಲದ ಊರನ್ನು ತಾವೇ ಗಮನಿಸಿ ಬರೆದುಕೊಳ್ಳಬೇಕಾಗುತ್ತದೆ. ನನ್ನ ನೋಟ್‌ಬುಕ್ ಅವರಿಗೆ ಉತ್ತರ ಕೊಡಲಾರದು, ಹೇಗೆ ನೋಡಬಹುದು ಎಂದು ತೋರಿಸಬಹುದು ಅಷ್ಟೆ.

ಶಿಕ್ಷಣಶಾಸ್ತ್ರಕ್ಕೆ ಇದು ಹೊಸ ವಿಷಯವೇನಲ್ಲ. ಅನುಭವದಿಂದ ಕಲಿಯಬೇಕಾದರೆ ಅದನ್ನು ನಿಧಾನವಾಗಿ, ಕಾರಣಗಳ ಸಮೇತ ತಿರುವಿ ನೋಡಬೇಕು ಎಂದು ಜಾನ್ ಡ್ಯೂಯಿ 1910ರ 'ಹೌ ವಿ ಥಿಂಕ್' ಪುಸ್ತಕದಲ್ಲೇ ವಾದಿಸಿದ್ದರು. ಡೊನಾಲ್ಡ್ ಶಾನ್ 1983ರಲ್ಲಿ ವೃತ್ತಿಪರರ ಚಿಂತನೆಯನ್ನು ಎರಡಾಗಿ ನೋಡಿದರು: ಕೆಲಸ ನಡೆಯುತ್ತಿರುವಾಗಲೇ ಮಾಡುವ ಚಿಂತನೆ, ಕೆಲಸ ಮುಗಿದ ಮೇಲೆ ಮಾಡುವ ಚಿಂತನೆ. ನಮ್ಮ ದಿನಚರಿಗಳು ಎರಡನೆಯದಕ್ಕಾಗಿ ಹುಟ್ಟಿದವು. ನ್ಯೂಜಿಲೆಂಡಿನಲ್ಲಿ ಮಾವೋರಿ ಮಕ್ಕಳಿಗೆ ಓದು ಕಲಿಸಿದ ಸಿಲ್ವಿಯಾ ಆಶ್ಟನ್-ವಾರ್ನರ್ ಅವರ 'ಟೀಚರ್' (1963) ಪುಸ್ತಕದಲ್ಲಿ ಬೋಧನಾ ವಿಧಾನದ ವಿವರಣೆಯ ಜೊತೆಗೇ ಅವರ ದಿನಚರಿಯ ಭಾಗಗಳೂ ಬರುತ್ತವೆ. ಮಕ್ಕಳ ಮನಸ್ಸಿನಲ್ಲಿ ಆಗಲೇ ಇರುವ ಪದಗಳಿಂದಲೇ ಓದು ಶುರುವಾಗಬೇಕು ಎಂಬ ಅವರ ವಿಧಾನ ಮಕ್ಕಳ ಮಾತಿಗೆ ಕಿವಿಗೊಟ್ಟು ಹುಟ್ಟಿದ್ದು. ನಮ್ಮ ದೇಶದಲ್ಲೇ ಭಾವನಗರದ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ' ಇದೆ. ಅದು ಕಲ್ಪಿತ ಶಿಕ್ಷಕನೊಬ್ಬ ನಾಲ್ಕನೇ ತರಗತಿಯೊಂದಿಗೆ ಕಳೆದ ವರ್ಷದ ಕಥೆ. ಮೊದಲ ದಿನದ ಯೋಜನೆ ಕೈಕೊಟ್ಟದ್ದನ್ನೂ ಆ ಶಿಕ್ಷಕ ಮುಚ್ಚಿಡದೆ ಹೇಳುವುದರಿಂದಲೇ ಮುಂದಿನದನ್ನು ನಾವು ನಂಬುತ್ತೇವೆ. ಕನ್ನಡದಲ್ಲಂತೂ ದಿನನಿತ್ಯದ ಬದುಕನ್ನು ಬರವಣಿಗೆಗೆ ತಕ್ಕದ್ದೆಂದು ತೋರಿಸಿದ ಗೊರೂರು, ಎ.ಎನ್. ಮೂರ್ತಿರಾವ್ ಅಂಥವರ ಪ್ರಬಂಧ ಪರಂಪರೆಯೇ ಇದೆ. ಮೂರ್ತಿರಾಯರು ಸ್ವತಃ ಅಧ್ಯಾಪಕರು.

ಹಾಗಾದರೆ ನಮ್ಮ ಕಾಲೇಜುಗಳಲ್ಲಿ ಎಡವಟ್ಟು ಎಲ್ಲಿದೆ? ಎನ್‌ಸಿಟಿಇಯ 2014ರ ನಿಯಮಗಳು ಬಿ.ಇಡಿ.ಯನ್ನು ಎರಡು ವರ್ಷಕ್ಕೆ ವಿಸ್ತರಿಸಿ, 20 ವಾರಗಳ ಶಾಲಾ ಅನುಭವವನ್ನು ಕಡ್ಡಾಯ ಮಾಡಿದವು: ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಇಷ್ಟು ದೀರ್ಘ ಕಾಲ ಒಂದು ಶಾಲೆಯ ಜೊತೆ ಬದುಕುವ ಅವಕಾಶ ನಮ್ಮ ಕಾಲದವರಿಗೆ ಇರಲಿಲ್ಲ. ಆದರೆ ಆ ವಾರಗಳ ಅನುಭವವನ್ನು ನಾವು ರೆಕಾರ್ಡಿನ ಅಳತೆಗೆ ಕತ್ತರಿಸುತ್ತಿದ್ದೇವೆ. ಒಮ್ಮೆ ಪ್ರಶಿಕ್ಷಣಾರ್ಥಿಯೊಬ್ಬಳನ್ನು, ತರಗತಿಯಲ್ಲಿ ಗಲಾಟೆಯಾಗಿ ನೀನು ಅತ್ತ ದಿನದ ಪುಟ ಯಾಕೆ ಇಲ್ಲಮ್ಮ ಎಂದು ಕೇಳಿದೆ. "ನಿಜ ಬರೆದರೆ ಅದಕ್ಕೆ ಸಹಿ ಯಾರು ಹಾಕ್ತಾರೆ ಮೇಡಂ?" ಎಂದಳು. ಆ ಪ್ರಶ್ನೆಯಲ್ಲಿ ಇಡೀ ಸಮಸ್ಯೆ ಇದೆ. ತನ್ನ ಬಗ್ಗೆ ವರದಿ ಕೊಡುವವರಿಗೇ ತನ್ನ ಸೋಲನ್ನು ಓದಲು ಕೊಡುವಷ್ಟು ಧೈರ್ಯ ನಮ್ಮಲ್ಲಿ ಎಷ್ಟು ಜನ ಅಧ್ಯಾಪಕರಿಗಿದೆ? ಇಪ್ಪತ್ತೆರಡು ವರ್ಷದ ಹುಡುಗಿಯಿಂದ ಅದನ್ನು ಅಪೇಕ್ಷಿಸುವುದು ನ್ಯಾಯವಲ್ಲ. ಇದರ ಫಲ ಇನ್ನೂ ಕೆಟ್ಟದ್ದು. ಶಿಕ್ಷಕ ವೃತ್ತಿಯ ಮೊದಲ ದಿನಗಳಲ್ಲೇ ಅವಳು ಕಲಿಯುವ ಪಾಠ, ಬರೆಯುವುದು ಬೇರೆ, ನಡೆಯುವುದು ಬೇರೆ ಎಂಬುದು. ಮುಂದೆ ಮೂವತ್ತು ವರ್ಷ ಶಾಲೆಯ ಎಲ್ಲ ದಾಖಲೆಗಳನ್ನೂ ಅವಳು ಅದೇ ಮನಸ್ಸಿನಿಂದ ತುಂಬುತ್ತಾಳೆ.

ಅಂಕ ಇಲ್ಲದಿದ್ದರೆ ಯಾರೂ ಬರೆಯುವುದೇ ಇಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಪಾಠಯೋಜನೆ, ಬೋಧನೋಪಕರಣ, ಕ್ರಿಯಾಸಂಶೋಧನೆಗಳ ನಡುವೆ ಅಂಕವಿಲ್ಲದ ಕೆಲಸ ಹಿಂದೆ ಬೀಳುವುದು ಸಹಜ. ನನ್ನ ಸಲಹೆ, ದಿನಚರಿಯನ್ನು ಮತ್ತು ಅಂಕವನ್ನು ಬೇರೆ ಬೇರೆ ಮಾಡೋಣ. ದಿನಚರಿ ಪ್ರಶಿಕ್ಷಣಾರ್ಥಿಯ ಸ್ವಂತದ್ದಾಗಿರಲಿ, ಅದನ್ನು ಯಾರೂ ತೆರೆದು ಓದುವುದು ಬೇಡ. ಇಂಟರ್ನ್‌ಶಿಪ್‌ನ ಕೊನೆಯಲ್ಲಿ ತಾನು ಬರೆದದ್ದನ್ನು ಪೂರ್ತಿ ಓದಿ, ತಾನೇ ಆಯ್ದ ಮೂರು ನಾಲ್ಕು ದಿನಗಳನ್ನು ಆಧರಿಸಿ ಅವಳು ನಾಲ್ಕು ಪುಟದ ಪ್ರಬಂಧ ಬರೆಯಲಿ. ಅಂಕ ಆ ಪ್ರಬಂಧಕ್ಕೆ. ದಿನಚರಿ ಬರೆಯದವರಿಗೆ ಆ ಪ್ರಬಂಧ ಕಷ್ಟವಾಗುತ್ತದೆ, ಬರೆದವರಿಗೆ ಸಾಮಗ್ರಿ ಕೈಯಲ್ಲೇ ಇರುತ್ತದೆ. ಏನನ್ನು ತೋರಿಸಬೇಕು, ಏನನ್ನು ತನ್ನಲ್ಲೇ ಇಟ್ಟುಕೊಳ್ಳಬೇಕು ಎಂಬ ನಿರ್ಧಾರವೂ ಅವಳದ್ದೇ. ಅದೂ ವೃತ್ತಿಶಿಕ್ಷಣದ ಭಾಗವೇ.

ಮಕ್ಕಳ ಖಾಸಗಿತನದ ಆಕ್ಷೇಪಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಮಗುವಿನ ಹೆಸರು, ಜಾತಿ, ಮನೆಯ ಜಗಳ, ತಂದೆಯ ಕುಡಿತ ಇವು ಬಾಯಿಂದ ಬಾಯಿಗೆ ಹೋಗುವ ಸಂಗತಿಗಳಾಗಬಾರದು. ನಾನು ಹೆಸರಿನ ಬದಲು ಒಂದು ಗುರುತು ಬರೆಯುತ್ತೇನೆ: ಕಿಟಕಿ ಪಕ್ಕದವಳು, ಮೂರನೇ ಬೆಂಚಿನವನು. ಮೊಬೈಲಿನಲ್ಲಿ ಮಕ್ಕಳ ಫೋಟೊ ತೆಗೆದು ಎಲ್ಲರಿಗೂ ಕಳಿಸುವುದು ಇಂದು ವಾಡಿಕೆಯಾಗಿರುವಾಗ, ಗಮನಿಸಿಯೂ ಹಂಚದೆ ಇರುವುದನ್ನು ಕಲಿಸಲು ಖಾಸಗಿ ನೋಟ್‌ಬುಕ್‌ಗಿಂತ ಒಳ್ಳೆಯ ಸಾಧನವಿಲ್ಲ.

ಪ್ರಶಿಕ್ಷಣಾರ್ಥಿ ಮಿತ್ರರಿಗೆ ಕೆಲವು ಮಾತು. ನೋಡಿದ್ದನ್ನು ಬರೆಯಿರಿ, ತೀರ್ಪನ್ನು ಆಮೇಲೆ ಬರೆಯಬಹುದು. "ತರಗತಿ ಶಿಸ್ತಿನಿಂದ ಇರಲಿಲ್ಲ" ಎನ್ನುವುದು ತೀರ್ಪು. "ಊಟದ ಬೆಲ್ ಹೊಡೆಯಲು ಹತ್ತು ನಿಮಿಷ ಇರುವಾಗ ಹಿಂದಿನ ಸಾಲಿನವರು ತಟ್ಟೆ ತೆಗೆದರು" ಎನ್ನುವುದು ನೋಟ. ಮೊದಲನೆಯದರಿಂದ ನಾಳೆಗೆ ಏನೂ ಸಿಗುವುದಿಲ್ಲ. ಎರಡನೆಯದರಿಂದ ಆ ಹತ್ತು ನಿಮಿಷಕ್ಕೆ ಏನು ಮಾಡಬಹುದು ಎಂಬ ಯೋಚನೆ ಹುಟ್ಟುತ್ತದೆ. ಮಕ್ಕಳ ಮಾತನ್ನು ಗ್ರಂಥಭಾಷೆಗೆ ತಿದ್ದಬೇಡಿ, ಅವರು ಆಡಿದಂತೆಯೇ ಬರೆಯಿರಿ. ದಿನಕ್ಕೆ ಹತ್ತು ನಿಮಿಷ ಸಾಕು, ಐದು ಸಾಲು ಸಾಕು. ಎರಡು ದಿನ ತಪ್ಪಿದರೆ ಮೂರನೆಯ ದಿನ ಹಿಂದಿನದನ್ನು ಊಹಿಸಿ ತುಂಬಬೇಡಿ, ಖಾಲಿ ಬಿಡಿ. ಖಾಲಿ ಪುಟವೂ ಆ ವಾರದ ಬಗ್ಗೆ ಏನನ್ನೋ ಹೇಳುತ್ತದೆ. ತಿಂಗಳಿಗೊಮ್ಮೆ ಕುಳಿತು ಹಿಂದಿನದನ್ನು ಓದಿ. ಓದದ ದಿನಚರಿ ಅರ್ಧ ಕೆಲಸ ಮಾತ್ರ.

ಶಿಕ್ಷಕ ಶಿಕ್ಷಕರಾದ ನಾವೂ ಬರೆಯಬೇಕು. ವರ್ಷಕ್ಕೆ ಹತ್ತಾರು ಪಾಠಗಳನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತೇವೆ, ಅವಲೋಕನ ನಮೂನೆಯಲ್ಲಿ ಗುರುತು ಹಾಕಿ ಎದ್ದು ಬರುತ್ತೇವೆ. ಆ ಬೆಂಚಿನಲ್ಲಿ ನಮ್ಮ ಪಕ್ಕ ಕೂತಿದ್ದ ಮಗು ಪಾಠದ ನಡುವೆ ಏನು ಮಾಡುತ್ತಿತ್ತು ಎಂಬುದಕ್ಕೆ ನಮೂನೆಯಲ್ಲಿ ಜಾಗವಿಲ್ಲ, ನೋಟ್‌ಬುಕ್‌ನಲ್ಲಿದೆ. ಮುಂದಿನ ತಂಡ ಶಾಲೆಗೆ ಹೊರಡುವ ಮೊದಲು ಕಾಲೇಜಿನ ಅಧ್ಯಾಪಕರ ಸಭೆಯಲ್ಲಿ ಎರಡು ತೀರ್ಮಾನ ಆಗಲಿ: ದಿನಚರಿಯ ಪುಟಗಳಿಗೆ ಸಹಿ ಬೇಡ, ಪ್ರತಿ ಅಧ್ಯಾಪಕರ ಬಳಿಯೂ ಒಂದು ನೋಟ್‌ಬುಕ್ ಇರಲಿ. ಇವೆರಡಕ್ಕೂ ವಿಶ್ವವಿದ್ಯಾಲಯದ ಸುತ್ತೋಲೆಗಾಗಿ ಕಾಯಬೇಕಾಗಿಲ್ಲ. ಅಂಕಗಳ ಹಂಚಿಕೆಯನ್ನು ಬದಲಿಸುವ ಮಾತನ್ನು ಅದರ ಜೊತೆಗೇ, ವಿಶ್ವವಿದ್ಯಾಲಯದ ಮುಂದೆ ಇಡೋಣ.