ಮಾಸ್ತರರ ಪುಟ: ಅಟ್ಟದ ಮೇಲಿನ ನೆಗೆಟಿವ್‌ಗಳು



ಮಳೆಗಾಲಕ್ಕೆ ಮುನ್ನ ಅಟ್ಟವನ್ನು ಗುಡಿಸಿ, ಒಡೆದ ಹಂಚುಗಳನ್ನು ಬದಲಿಸುವುದು ನಮ್ಮ ಕಾಸರಗೋಡು ಸೀಮೆಯ ಹಳೆಯ ಮನೆಗಳಲ್ಲಿ ವರ್ಷಂಪ್ರತಿ ನಡೆಯುವ ಕೆಲಸ. ಈ ಸಲದ ಬೇಸಿಗೆ ರಜೆಯಲ್ಲಿ ಆ ಕೆಲಸಕ್ಕೆಂದು ಏಣಿ ಹತ್ತಿದ ನನಗೆ ತಂದೆಯವರ ತಗಡಿನ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಲಕೋಟೆಗಳಲ್ಲಿ ಕಪ್ಪುಬಿಳುಪಿನ ನೆಗೆಟಿವ್‌ಗಳು, ಎರಡು ಡಬ್ಬಿಗಳ ತುಂಬ ಬಣ್ಣದ ಸ್ಲೈಡುಗಳು, ಜೊತೆಗೆ ಅಂಗೈಯಗಲದ ಒಂದು ಸ್ಲೈಡ್ ವ್ಯೂವರ್.

ತಂದೆಯವರೂ ನನ್ನಂತೆ ಶಾಲಾ ಉಪಾಧ್ಯಾಯರಾಗಿದ್ದವರು. ಅವರಲ್ಲಿ ಆಗ್ಫಾ ಕ್ಲಿಕ್ ತ್ರೀ ಎಂಬ ಕ್ಯಾಮೆರಾ ಇತ್ತು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಆದುದರಿಂದ ಅವರು ಬಹಳ ಯೋಚಿಸಿ ಗುಂಡಿ ಒತ್ತುತ್ತಿದ್ದರು. ಪೂರ್ವ ಜರ್ಮನಿಯ ಓರ್ವೋ ಫಿಲ್ಮು, ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ‘ಇಂದು’ ಫಿಲ್ಮು, ಇವೇ ಅಂದಿನ ಮಧ್ಯಮವರ್ಗದವರ ಕೈಗೆ ಎಟಕುವಂಥವು. ನೀಲಗಿರಿಯ ನಮ್ಮ ಬಂಧುಗಳಿಗೆ ಆ ಕಾರ್ಖಾನೆಯ ನೆನಪಿರಬಹುದು. ಅದು ಈಗ ಮುಚ್ಚಿಹೋಗಿದೆ. ಸ್ಲೈಡುಗಳು ಮಾತ್ರ ಮುಂಬಯಿಯಲ್ಲಿ ನೌಕರಿಯಲ್ಲಿದ್ದ ಚಿಕ್ಕಪ್ಪನವರು ಊರಿಗೆ ಬಂದಾಗ ತೆಗೆದವು.

ಪೆಟ್ಟಿಗೆ ಸಿಕ್ಕ ಸುದ್ದಿ ನಮ್ಮ ಸೋದರತ್ತೆಯವರಿಗೆ ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವರಿಗೀಗ ಎಂಬತ್ತನಾಲ್ಕು ವರ್ಷ. ಮರುದಿನವೇ ದೂರವಾಣಿಯಲ್ಲಿ ಕೇಳಿದರು: “ಮಗಾ, ಅದರಲ್ಲಿ ಅಮ್ಮನ ಪಟ ಒಂದು ಉಂಟಾ ನೋಡು. ಗೋಡೆಯಲ್ಲಿ ಇದ್ದದ್ದನ್ನು ಗೆದ್ದಲು ತಿಂದಿತು. ಈಗೀಗ ನನಗೆ ಅಮ್ಮನ ಮುಖ ಸರಿಯಾಗಿ ನೆನಪಿಗೇ ಬರುವುದಿಲ್ಲ.”

ಹೀಗೆ ನಾನು ಹುಡುಕತೊಡಗಿದೆ. ಇಂಥ ಪೆಟ್ಟಿಗೆ ನಿಮ್ಮ ಅಟ್ಟದಲ್ಲಿಯೂ ಇರುವ ಸಂಭವವಿರುವುದರಿಂದ, ನಾನು ಕಲಿತುದನ್ನು ಕ್ರಮವಾಗಿ ಹೇಳುತ್ತೇನೆ.

ವ್ಯೂವರ್ ಎಂಬುದು ಸರಳವಾದ ಸಾಧನ. ಮುಂದೆ ಒಂದು ದೊಡ್ಡದು ಮಾಡಿ ತೋರಿಸುವ ಮಸೂರ, ಹಿಂದೆ ಬೆಳಕನ್ನು ಸಮನಾಗಿ ಹರಡುವ ಹಾಲುಬಣ್ಣದ ಪ್ಲಾಸ್ಟಿಕ್ ಹಲಗೆ, ನಡುವೆ ಸ್ಲೈಡು ನಿಲ್ಲುವ ಸೀಳು. ಸ್ಲೈಡಿನ ಚೌಕಟ್ಟು ಎರಡು ಅಂಗುಲ ಚದರ. ಒಳಗಿನ ಚಿತ್ರ 24 ಮಿಲಿಮೀಟರ್ ಎತ್ತರ, 36 ಮಿಲಿಮೀಟರ್ ಅಗಲ. ಸ್ಲೈಡನ್ನು ಒತ್ತಿದೊಡನೆ ಒಳಗಿನ ಸಣ್ಣ ಬಲ್ಬು ಹೊತ್ತಿಕೊಳ್ಳುತ್ತದೆ. ನಮ್ಮ ವ್ಯೂವರಿನಲ್ಲಿ ಸೆಲ್ಲುಗಳು ಸೋರಿ ತಗಡಿಗೆ ಕಿಲುಬು ಹಿಡಿದಿತ್ತು. ಉಪಯೋಗಿಸದೆ ಇಡುವ ಯಾವ ಉಪಕರಣದಲ್ಲಿಯೂ ಸೆಲ್ಲುಗಳನ್ನು ಬಿಡಬಾರದೆಂಬ ಪಾಠ ಅದು. ಬಲ್ಬಿಲ್ಲದಿದ್ದರೂ ಚಿಂತೆಯಿಲ್ಲ, ಕಿಟಕಿಯ ಬಳಿ ನಿಂತು ಬಿಳಿಯ ಗೋಡೆಯತ್ತಲೋ ತೆರೆದ ಆಕಾಶದತ್ತಲೋ ಹಿಡಿದರೆ ಸಾಕು. ಸೂರ್ಯನತ್ತ ಮಾತ್ರ ಎಂದಿಗೂ ಹಿಡಿಯಬಾರದು. ಈ ಮಾತಿಗೆ ಮುಂದೆ ಮರಳುತ್ತೇನೆ.

ಸ್ಲೈಡಿನ ಒಂದು ಮಗ್ಗುಲು ಹೊಳೆಯುತ್ತದೆ, ಇನ್ನೊಂದು ಮಂಕಾಗಿರುತ್ತದೆ. ಹೊಳೆಯುವ ಮಗ್ಗುಲು ನಮ್ಮ ಕಡೆಗಿದ್ದರೆ ಚಿತ್ರ ನೇರ. ಸಂಶಯ ಬಂದರೆ ಚಿತ್ರದೊಳಗಿನ ಅಕ್ಷರವನ್ನು ಹುಡುಕಬೇಕು. ಅಂಗಡಿಯ ಫಲಕದ ಕನ್ನಡ ತಿರುಗುಮುರುಗಾಗಿದ್ದರೆ ಸ್ಲೈಡು ತಿರುಗಿದೆ ಎಂದರ್ಥ. ಅಕ್ಷರವಿಲ್ಲದಿದ್ದರೆ ಹೆಂಗಸರ ಸೆರಗನ್ನು ನೋಡಿರಿ. ನಮ್ಮಲ್ಲಿ ಅದು ಎಡಹೆಗಲ ಮೇಲಿರಬೇಕು. ಕೆಲವು ಕಾಗದದ ಚೌಕಟ್ಟುಗಳ ಮೇಲೆ ತಿಂಗಳು, ವರ್ಷ ಮುದ್ರಿತವಾಗಿರುತ್ತದೆ. ಅದು ಫಿಲ್ಮನ್ನು ಸಂಸ್ಕರಿಸಿದ ಕಾಲ, ಚಿತ್ರ ತೆಗೆದ ಕಾಲವಲ್ಲ. ಸುರುಳಿ ಮುಗಿಯದೆ ಕ್ಯಾಮೆರಾದಲ್ಲಿ ವರ್ಷಗಟ್ಟಲೆ ಉಳಿಯುತ್ತಿದ್ದ ಕಾಲವದು!

ಒಂದು ಡಬ್ಬಿಯವು ಕೊಡಾಕ್ರೋಮ್ ಸ್ಲೈಡುಗಳು. 1935ರಲ್ಲಿ ಬಂದ ಈ ಫಿಲ್ಮಿನ ತಯಾರಿಕೆ 2009ರಲ್ಲಿ ನಿಂತಿತು. ಅದನ್ನು ಸಂಸ್ಕರಿಸುತ್ತಿದ್ದ ಕೊನೆಯ ಪ್ರಯೋಗಾಲಯ ಅಮೆರಿಕದ ಕಾನ್ಸಾಸ್ ಪ್ರಾಂತದಲ್ಲಿತ್ತು. ಕತ್ತಲಲ್ಲಿಟ್ಟರೆ ಇದರ ಬಣ್ಣ ಬಹುಕಾಲ ಮಾಸುವುದಿಲ್ಲ. ನಮ್ಮ ಅಂಗಳದ ಹಸಿ ಅಡಿಕೆಯ ರಾಶಿ ಮೊನ್ನೆ ಸುರಿದಂತೆಯೇ ಇತ್ತು. ಇನ್ನೊಂದು ಡಬ್ಬಿಯವು ಬೇರೆ ಫಿಲ್ಮು, ಪ್ಲಾಸ್ಟಿಕ್ ಚೌಕಟ್ಟು, ತಾರೀಕಿಲ್ಲ. ಎಲ್ಲವೂ ಕೆಂಬಣ್ಣಕ್ಕೆ ತಿರುಗಿದ್ದವು.

ತಂದೆಯವರ ನೆಗೆಟಿವ್‌ಗಳು ಎರಡೂಕಾಲು ಅಂಗುಲ ಚದರದವು. ವ್ಯೂವರಿನ ಸೀಳಿಗೆ ಹಿಡಿಸುವುದಿಲ್ಲ. ಇವನ್ನು ಕಿಟಕಿಯ ಗಾಜಿಗೆ ಬಿಳಿ ಕಾಗದ ಅಂಟಿಸಿ, ಅದರ ಮುಂದೆ ಹಿಡಿದು ನೋಡಬಹುದು. ನೆಗೆಟಿವ್‌ನಲ್ಲಿ ಬೆಳಕು ಹೆಚ್ಚು ಬಿದ್ದ ಕಡೆ ಬೆಳ್ಳಿಯ ಕಣಗಳು ಕಪ್ಪಾಗಿ ಉಳಿಯುತ್ತವೆಯಾದ್ದರಿಂದ ಬಿಳಿ ಅಂಗಿ ಕಪ್ಪಾಗಿಯೂ ಕರಿಕೂದಲು ಬೆಳ್ಳಗೂ ಕಾಣುತ್ತದೆ. ಇಂಥದನ್ನು ನೋಡಿ ಮುಖ ಗುರುತಿಸುವುದು ಕಷ್ಟ. ಇಂದಿನ ಮೊಬೈಲ್ ಫೋನುಗಳಲ್ಲಿ ಬಣ್ಣಗಳನ್ನು ವಿಲೋಮಗೊಳಿಸುವ ಸೌಕರ್ಯವಿದೆ. ನನ್ನ ಮೊಮ್ಮಗಳು ಫೋನನ್ನು ನೆಗೆಟಿವ್‌ನ ಮುಂದೆ ಹಿಡಿದೊಡನೆ ತೆರೆಯ ಮೇಲೆ ನಮ್ಮ ಹಳೆಯ ಜಗಲಿ ಯಥಾವತ್ತಾಗಿ ಮೂಡಿತು.

ಲಕೋಟೆಗಳ ಮೇಲೆ ತಂದೆಯವರು ದುಂಡಾದ ಅಕ್ಷರಗಳಲ್ಲಿ ವಿವರ ಬರೆದಿದ್ದರು. ನಾಲ್ಕನೆಯ ಲಕೋಟೆಯ ಮೇಲೆ ‘ಅಮ್ಮ, ಜಗಲಿಯ ಗೋಡೆಯ ಬಳಿ, 1972’ ಎಂದಿತ್ತು. ಮೂರು ಮೂರು ಚಿತ್ರಗಳ ನಾಲ್ಕು ಪಟ್ಟಿಗಳಿರಬೇಕು. ಮೂರು ಪಟ್ಟಿಗಳು ಸರಿಯಾಗಿದ್ದವು. ನಾಲ್ಕನೆಯದರಲ್ಲಿ ಎರಡೇ ಚಿತ್ರ. ತಂದೆಯವರು ಅಡ್ಡಪಟ್ಟಿ ಇಟ್ಟಂತೆ ನೇರವಾಗಿ ಕತ್ತರಿಸುತ್ತಿದ್ದರು. ಇದರ ತುದಿಯಾದರೋ ಸೊಟ್ಟ ಸೊಟ್ಟಾಗಿತ್ತು.

ಆ ಸೊಟ್ಟ ಕತ್ತರಿ ಯಾರದೆಂದು ನನಗೆ ಒಡನೆಯೇ ಗೊತ್ತಾಯಿತು.

1980ನೆಯ ಇಸವಿ ಫೆಬ್ರವರಿ 16, ಶನಿವಾರ. ಅಂದು ಮಧ್ಯಾಹ್ನದ ಮೇಲೆ ಸೂರ್ಯಗ್ರಹಣ. ಕಾರವಾರ, ಹುಬ್ಬಳ್ಳಿ, ರಾಯಚೂರುಗಳ ಸೀಮೆಯಲ್ಲಿ ಖಗ್ರಾಸ. ನಮ್ಮಲ್ಲಿ ಸೂರ್ಯನ ಬಹುಭಾಗ ಮುಚ್ಚಿತ್ತು. ಕಪ್ಪಾದ ಫಿಲ್ಮಿನ ಮೂಲಕ ನೋಡಿದರೆ ಅಪಾಯವಿಲ್ಲವೆಂದು ಆಗ ಹಲವರು ನಂಬಿದ್ದರು. ಹಿರಿಯರೆಲ್ಲ ಬಾಗಿಲು ಮುಚ್ಚಿ ಒಳಗೆ ಕುಳಿತಿದ್ದರು. ಹತ್ತು ವರ್ಷದ ನಾನು ಪೆಟ್ಟಿಗೆ ತೆರೆದು, ಲಕೋಟೆಗಳಲ್ಲಿ ಅತ್ಯಂತ ಕಪ್ಪಾಗಿದ್ದುದನ್ನು ಹುಡುಕಿ ಕತ್ತರಿಸಿಕೊಂಡು ಕೊಟ್ಟಿಗೆಯ ಹಿಂದಕ್ಕೆ ಓಡಿದ್ದೆ.

ಅತ್ಯಂತ ಕಪ್ಪಾದುದು ಅದೇ ಏಕಾಗಿತ್ತೆಂಬುದು ಈಗ ತಿಳಿಯುತ್ತದೆ. ಅಜ್ಜಿ ಯಾವಾಗಲೂ ಬಿಳಿಯ ಸೀರೆ ಉಡುವವರು. ಅಂದು ನಿಂತದ್ದು ಸುಣ್ಣ ಬಳಿದ ಗೋಡೆಯ ಮುಂದೆ, ಒಳ್ಳೆಯ ಬಿಸಿಲಿನಲ್ಲಿ. ಬೆಳಕೆಲ್ಲ ಫಿಲ್ಮಿನ ಮೇಲೆ ಕಪ್ಪಾಗಿ ಕುಳಿತಿತ್ತು. ನೋಡಿಯಾದ ಮೇಲೆ ಆ ತುಂಡನ್ನು ಎಲ್ಲಿ ಎಸೆದೆನೋ ನೆನಪಿಲ್ಲ. ತಂದೆಯವರು ಅದರ ವಿಷಯ ಒಂದು ದಿನವೂ ಎತ್ತಲಿಲ್ಲ. ಅವರಿಗೆ ತಿಳಿದಿರಲೇ ಇಲ್ಲವೋ, ತಿಳಿದೂ ಸುಮ್ಮನಿದ್ದರೋ, ಈಗ ಕೇಳುವಂತಿಲ್ಲ. (ಫಿಲ್ಮಿನ ಮೂಲಕ ಗ್ರಹಣ ನೋಡುವುದು ಕಣ್ಣಿಗೆ ಅಪಾಯವೆಂದು ಈಗ ಶಾಲೆಯಲ್ಲಿ ನಾವೇ ಮಕ್ಕಳಿಗೆ ಹೇಳುತ್ತೇವೆ. ಅಂದು ನನ್ನ ಕಣ್ಣು ಉಳಿದದ್ದು ಕೇವಲ ದೈವಕೃಪೆ.)

ಅತ್ತೆಯವರಿಗೆ ಹೇಳುವುದು ಹೇಗೆ? ಎರಡು ದಿನ ಮುಂದೂಡಿದೆ. ಆ ಎರಡು ದಿನ ಕೆಂಬಣ್ಣದ ಸ್ಲೈಡುಗಳನ್ನು ಮತ್ತೆ ಮತ್ತೆ ವ್ಯೂವರಿಗೆ ಹಾಕಿ ನೋಡಿದೆ. ಒಂದರಲ್ಲಿ, ತುಳಸಿಕಟ್ಟೆಯ ಹಿಂದೆ, ಬಾಗಿಲಿನ ದಾರಂದ ಹಿಡಿದು ನಿಂತ ಒಂದು ಆಕೃತಿ ಕಂಡಿತು. ಅಕ್ಕಿಕಾಳಿನಷ್ಟು ಗಾತ್ರ, ಬಿಳಿಸೀರೆ. ಸಂತೋಷವಾಯಿತು. ಅದನ್ನು ಫೋನಿನಲ್ಲಿ ದೊಡ್ಡದು ಮಾಡಿಕೊಂಡು ಅತ್ತೆಯವರ ಮನೆಗೆ ಹೋದೆ. ಮೊದಲು ಗ್ರಹಣದ ಸಂಗತಿಯನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಣ್ಣಿಗೆ ಏನೂ ಆಗಲಿಲ್ಲವಲ್ಲ ನಿನಗೆ, ಹೋಗಲಿ ಬಿಡು” ಎಂದರು. ಅನಂತರ ಆ ಚಿತ್ರವನ್ನು ತೋರಿಸಿದೆ.

ಕನ್ನಡಕವನ್ನು ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. “ಇದು ಅಮ್ಮ ಅಲ್ಲ ಮಾರಾಯ. ಕಟ್ಟೆ ನೋಡು, ಸಿಮೆಂಟಿನದು. ಅಮ್ಮ ಇರುವಾಗ ಮಣ್ಣಿನದ್ದೇ ಇದ್ದದ್ದು. ಇದು ನಮ್ಮ ದೊಡ್ಡಮ್ಮ.”

ನನ್ನಲ್ಲಿ ಮಾತು ಉಳಿಯಲಿಲ್ಲ. ಆದರೆ ಅವರು ಫೋನನ್ನು ಹಿಂದಿರುಗಿಸಲಿಲ್ಲ. “ಬೇರೆ ಯಾರೆಲ್ಲ ಇದ್ದಾರೆ, ತೋರಿಸು” ಎಂದರು. ಅಂದು ಸಂಜೆಯವರೆಗೆ, ಮತ್ತೆ ಮರುದಿನ, ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ನಾನು ಯಾರೋ ಎಂದುಕೊಂಡಿದ್ದವರೆಲ್ಲ ಹೆಸರು, ಮನೆ, ಸಂಬಂಧ ಪಡೆದರು. ಹನ್ನೊಂದು ಚಿತ್ರಗಳಲ್ಲಿರುವವರನ್ನು ಮಾತ್ರ ಅವರೂ ಗುರುತಿಸಲಾರದೆ ಹೋದರು. “ನಿನ್ನ ಅಪ್ಪ ಇದ್ದಿದ್ದರೆ ಹೇಳುತ್ತಿದ್ದ” ಎಂದರು.

ವಾಚಕರೇ, ಫಿಲ್ಮನ್ನು ರಕ್ಷಿಸುವ ಉಪಾಯಗಳು ಹಲವಿವೆ. ಅಂಚುಗಳನ್ನು ಮಾತ್ರ ಹಿಡಿಯಿರಿ. ಒದ್ದೆ ಬಟ್ಟೆಯಿಂದ ಒರಸಬೇಡಿರಿ. ಧೂಳನ್ನು ರಬ್ಬರಿನ ಊದುಬುರುಡೆಯಿಂದ ಹಾರಿಸಿರಿ. ನಮ್ಮ ಕರಾವಳಿಯ ತೇವಕ್ಕೆ ಬೂಷ್ಟು ಬೇಗ ಹಿಡಿಯುವುದರಿಂದ ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿರಿ. ಪೆಟ್ಟಿಗೆ ತೆರೆದೊಡನೆ ಹುಳಿಯಾದ ವಿನೆಗರಿನ ವಾಸನೆ ಬಂದರೆ ಫಿಲ್ಮಿನ ಆಧಾರವೇ ಕೊಳೆಯತೊಡಗಿದೆಯೆಂದು ತಿಳಿದು, ಅಂಥವನ್ನು ಬೇರೆಯಿಡಿರಿ. ಮೊದಲು ಅವುಗಳ ಪ್ರತಿ ತೆಗೆಯಿರಿ. ಇವೆಲ್ಲಕ್ಕೂ ಸ್ವಲ್ಪ ಸಮಯವಿದೆ. ಹೆಸರು ಹೇಳಬಲ್ಲವರಿಗೆ ಅಷ್ಟು ಸಮಯವಿಲ್ಲ. ಆದುದರಿಂದ ಮೊದಲು ಹಿರಿಯರ ಮುಂದೆ ಕುಳಿತು ಬರೆದುಕೊಳ್ಳಿರಿ, ಉಳಿದುದು ಆಮೇಲೆ.

1956ರ ನವೆಂಬರ್ 1ರಂದು ನಮ್ಮ ನೆಲ ಕೇರಳಕ್ಕೆ ಸೇರಿದ ಮೇಲೆ ನಮ್ಮ ಎಷ್ಟೋ ಹಳೆಯ ಸಂಗತಿಗಳು ಕನ್ನಡದಲ್ಲಿ ಉಳಿದಿರುವುದು ಇಂಥ ಲಕೋಟೆಗಳ ಮೇಲೆ, ಪಟಗಳ ಹಿಂದೆ ಮಾತ್ರ. ಮೊಮ್ಮಗಳಿಗೆ ಶಾಲೆಯಲ್ಲಿ ಕನ್ನಡವಿಲ್ಲ. ಹೊಸ ಲಕೋಟೆಗಳ ಮೇಲೆ ಹೆಸರು ಬರೆಯುವ ಕೆಲಸವನ್ನು ಅವಳಿಗೇ ಕೊಟ್ಟಿದ್ದೇನೆ. ನಾನು ಹಲಗೆಯ ಮೇಲೆ ಬರೆದು ತೋರಿಸುತ್ತೇನೆ, ಅವಳು ನೋಡಿ ಪೆನ್ಸಿಲಿನಲ್ಲಿ ತಿದ್ದುತ್ತಾಳೆ. ನಿನ್ನೆಗೆ ಎಂಟು ಹೆಸರುಗಳಾದವು.

ನಾಲ್ಕನೆಯ ಲಕೋಟೆಯನ್ನು ಬದಲಾಯಿಸಿಲ್ಲ. ತಂದೆಯವರ ಅಕ್ಷರ ಅದರ ಮೇಲೆ ಹಾಗೆಯೇ ಇದೆ. ಅದರ ಕೆಳಗೆ, ಒಂದು ಚಿತ್ರ ಏಕಿಲ್ಲವೆಂಬುದನ್ನು ತಾರೀಕಿನ ಸಹಿತ ಬರೆದು, ನನ್ನ ಸಹಿ ಹಾಕಿದ್ದೇನೆ.